ಖಾರಿ ಒಂದೇ, ಊರು ಮೂರು

ಆಳಂದದ ಬಸ್ ನಿಲ್ದಾಣದಲ್ಲಿ ಇಳಿದಿದ್ದೀರಿ ಎಂದಿಟ್ಟುಕೊಳ್ಳಿ. ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ, ಆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಬೇಕರಿಯ ಗಾಜಿನ ಕಪಾಟಿನ ಮುಂದೆ ನಿಂತರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಗುಲಾಬಿ ಕ್ರೀಮಿನ ಪೇಸ್ಟ್ರಿ, ಕ್ರೀಮ್ ರೋಲು, ಪಪ್ಸು, ಬರಣಿ ತುಂಬ ಬಿಸ್ಕಿಟ್ಟು, ಮೇಲಿನ ಸಾಲಿನಲ್ಲಿ ಖಾರಿ, ಟೋಸ್ಟು. ಹಿಂದೆ ನಿಂತವರು ಅವಸರ ಮಾಡುತ್ತಾರೆ. "ಇದು ನಾಲ್ಕು ಕೊಡ್ರಿ, ಅದು ಪಾವ ಕಿಲೋ" ಎಂದು ಬೆರಳು ತೋರಿಸಿ, ಕೊಟ್ಟದ್ದನ್ನು ಕಟ್ಟಿಸಿಕೊಂಡು ಹೊರಡುತ್ತೀರಿ. ಮನೆ ಮುಟ್ಟಿ ಬಿಚ್ಚಿದರೆ ಪಪ್ಸು ತೊಯ್ದ ಬಟ್ಟೆಯಂತಾಗಿದೆ, ಪೇಸ್ಟ್ರಿಯ ಕ್ರೀಮು ಡಬ್ಬಿಯ ಮುಚ್ಚಳಕ್ಕೆ ಅಂಟಿದೆ. "ನಮ್ಮ ಕಡೆ ಬೇಕರಿ ಇಷ್ಟೇ ನೋಡ್ರಿ, ತಗೊಂಡ್ರ ಕಲಬುರಗ್ಯಾಗೇ ತಗೋಬೇಕು" ಎಂಬ ಮಾತು ಹುಟ್ಟುವುದು ಹೀಗೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ನೌಕರಿಯ ಸಲುವಾಗಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವಳು ನಾನು. ಕೈಚೀಲದಲ್ಲಿ ಒಂದಲ್ಲ ಒಂದು ಬೇಕರಿ ಪೊಟ್ಟಣ ಇದ್ದೇ ಇರುತ್ತಿತ್ತು. ಮೊದಲ ಎರಡು ವರ್ಷ ನಾನೂ ಬಣ್ಣ ನೋಡಿಯೇ ಕೊಂಡೆ, ಅರ್ಧಕ್ಕರ್ಧ ಎಸೆದೆ. ಆಮೇಲೆ ಗೊತ್ತಾದದ್ದು ಇಷ್ಟು: ಬೇಕರಿಯ ರುಚಿ ನೋಡುವುದಕ್ಕೂ ಒಂದು ಕ್ರಮ ಇದೆ. ಒಂದೇ ಪದಾರ್ಥವನ್ನು ಹಿಡಿದು ಊರೂರು ತಿರುಗಬೇಕು. ಅದು ಭಟ್ಟಿಯಿಂದ ಇಳಿಯುವ ಹೊತ್ತು ತಿಳಿದಿರಬೇಕು. ಈ ಎರಡನ್ನು ಪಾಲಿಸಿದರೆ ಇದೇ ಸಣ್ಣ ಬೇಕರಿಗಳಲ್ಲಿ ಬಹಳ ಒಳ್ಳೆಯದು ಸಿಗುತ್ತದೆ.

ನಮ್ಮ ಕಪಾಟಿಗೆ ಬಂದ ಮೂರು ದಾರಿ

ಈ ಸೀಮೆಯ ಬೇಕರಿ ಕಪಾಟಿನಲ್ಲಿ ಮೂರು ಕಡೆಯ ತಿನಿಸು ಒಟ್ಟಿಗೆ ಕೂತಿರುತ್ತದೆ. ಕಲಬುರಗಿ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತ ಉಸ್ಮಾನಿಯಾ ಬಿಸ್ಕಿಟ್ಟು, ದಿಲ್‌ಪಸಂದಿನ ತಮ್ಮನಂತಿರುವ ದಿಲ್‌ಖುಷ್, ಟೂಟಿಫ್ರೂಟಿ ಹಾಕಿದ ಫ್ರೂಟ್ ಬಿಸ್ಕಿಟ್ಟು ಮೊದಲನೆಯದಾದ ಹೈದರಾಬಾದ್ ಕಡೆಯವು. ದೇಶ ಒಡೆದಾಗ ಸಿಂಧ್‌ನಿಂದ ಬಂದ ಖಾನ್‌ಚಂದ್ ರಮನಾನಿ 1953ರಲ್ಲಿ ಹೈದರಾಬಾದಿನಲ್ಲಿ ತೆರೆದ ಕರಾಚಿ ಬೇಕರಿಯಿಂದ ಫ್ರೂಟ್ ಬಿಸ್ಕಿಟ್ಟಿನ ಹೆಸರು ದೂರದೂರ ಹೋಯಿತು. ಎರಡನೆಯದು ಮಹಾರಾಷ್ಟ್ರದ ದಾರಿ. ಆಳಂದ, ಅಫಜಲಪುರ ಎರಡೂ ಗಡಿ ತಾಲ್ಲೂಕುಗಳು, ಅಕ್ಕಲಕೋಟ, ಸೊಲ್ಲಾಪುರ ಹತ್ತಿರ. ಚಹಾದ ಜೊತೆ ಖಾರಿ, ಟೋಸ್ಟು, ಪಾವು ಎನ್ನುವುದು ಆ ಕಡೆಯ ರೂಢಿ. ಮೂರನೆಯದು ದಕ್ಷಿಣದಿಂದ ಬಂದ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯ ತಿರುಮಲಾಚಾರ್ ಸೋದರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಆ ಪರಂಪರೆಯ ಖಾರಾ ಬನ್ನು, ಪಲ್ಯದ ಬನ್ನು, ಮೊಟ್ಟೆ ಇಲ್ಲದ ಕೇಕು ಇವತ್ತು ರಾಜ್ಯದ ಎಲ್ಲ ಮೂಲೆಗೂ ಬಂದಿವೆ.

ಮೂರೂ ಊರಿನ ಕಪಾಟಿನಲ್ಲಿ ಈ ಮೂರೂ ಇರಬಹುದು. ಯಾವ ಬೇಕರಿಯ ಮಾಸ್ತರರ ಕೈ ಯಾವುದರಲ್ಲಿ ಪಳಗಿದೆ ಎಂಬುದನ್ನು ನೀವೇ ತಿಂದು ಕಂಡುಕೊಳ್ಳಬೇಕು.

ಒಂದೇ ಪದಾರ್ಥ ಏಕೆ?

ಆಳಂದದಲ್ಲಿ ನಾನ್‌ಖಟಾಯಿ, ಅಫಜಲಪುರದಲ್ಲಿ ಪಪ್ಸು, ಜೇವರ್ಗಿಯಲ್ಲಿ ಕೇಕು ತಿಂದು "ಯಾವ ಊರಿನದು ಚಲೋ" ಎಂದು ಕೇಳಿದರೆ ಉತ್ತರ ಇಲ್ಲ. ಜೋಳದ ರೊಟ್ಟಿಯನ್ನೂ ಶೇಂಗಾ ಹೋಳಿಗೆಯನ್ನೂ ಯಾರಾದರೂ ತೂಗಿ ನೋಡುತ್ತಾರೆಯೇ? ನಾಲಗೆಗೆ ಅಳತೆಗೋಲು ಬೇಕು. ಒಂದೇ ತಿನಿಸನ್ನು ಮೂರು ಕಡೆ ತಿಂದಾಗ ಉಪ್ಪು ಎಲ್ಲಿ ಮುಂದಾಯಿತು, ಜಿಡ್ಡು ಎಲ್ಲಿ ಉಳಿಯಿತು, ಎಲ್ಲಿ ಸರಿಯಾಗಿ ಬೆಂದಿಲ್ಲ ಎಂಬುದು ತಾನಾಗಿ ಕಾಣುತ್ತದೆ.

ಮೊದಲ ಸುತ್ತಿಗೆ ನನ್ನ ಆಯ್ಕೆ ಖಾರಿ ಎಂಬ ಪದರು ಪದರಿನ ಒಣ ತಿನಿಸು. ಅದರಲ್ಲಿ ಇರುವುದು ಮೈದಾ, ಕೊಬ್ಬು, ಉಪ್ಪು, ನೀರು, ಕೆಲವರು ಹಾಕುವ ಜೀರಿಗೆ ಅಥವಾ ಓಂಕಾಳು. ಸಕ್ಕರೆ, ಬಣ್ಣ, ಎಸೆನ್ಸು ಯಾವುದರ ಮರೆಯೂ ಇಲ್ಲ, ಮಾಸ್ತರರ ಕೈಗುಣ ನೇರವಾಗಿ ಸಿಗುತ್ತದೆ. ಅಗ್ಗ, ಹಗುರ, ಬಸ್ಸಿನ ಪ್ರಯಾಣ ತಾಳುತ್ತದೆ, ನೂರು ಗ್ರಾಂ ಕೊಂಡರೂ ಹಲವು ತುಂಡು ಬರುತ್ತವೆ. ಖಾರಿ ಚೆನ್ನಾಗಿರುವ ಬೇಕರಿಯಲ್ಲಿ ಪಪ್ಸು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಎರಡರ ಹಿಟ್ಟೂ ಒಂದೇ ಬಗೆಯದು.

ಖಾರಿ ಪದರು ಬಿಡುವುದು ಹೇಗೆ?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ತಿಳಿದರೆ ಕಪಾಟಿನ ಅರ್ಧ ಗುಟ್ಟು ತಿಳಿದಂತೆ.

ನಮ್ಮ ಮನೆಯಲ್ಲಿ ಜೋಳದ ಹಿಟ್ಟಿಗೆ ಎಸರು ಹಾಕಿ ನಾದುತ್ತೇವೆ. ತಣ್ಣೀರಲ್ಲಿ ನಾದಿದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಜೋಳದಲ್ಲಿ ಗೋಧಿಯಂಥ ಜಿಗುಟಿನ ಅಂಶ, ಅಂದರೆ ಗ್ಲುಟೆನ್ ಇಲ್ಲ. ಬಿಸಿನೀರಿಗೆ ಪಿಷ್ಟ ಮೆತ್ತಗಾಗಿ ಅಂಟಿಕೊಂಡಿದ್ದರಿಂದಷ್ಟೇ ರೊಟ್ಟಿ ನಿಲ್ಲುತ್ತದೆ. ಮೈದಾದ ಗುಣ ಇದಕ್ಕೆ ತಿರುವುಮುರುವು. ನೀರು ಹಾಕಿ ನಾದಿದರೆ ಅದು ರಬ್ಬರಿನಂತೆ ಎಳೆ ಹಿಡಿಯುತ್ತದೆ, ಎಷ್ಟು ತೆಳ್ಳಗೆ ಲಟ್ಟಿಸಿದರೂ ಹರಿಯುವುದಿಲ್ಲ. ಈ ಎಳೆಯ ಹಾಳೆಯ ಮೇಲೆ ಕೊಬ್ಬು ಹಚ್ಚಿ ಮಡಿಚುತ್ತಾರೆ, ಲಟ್ಟಿಸುತ್ತಾರೆ, ಮತ್ತೆ ಮಡಿಚುತ್ತಾರೆ. ಪ್ರತಿ ಸಲ ಮೂರು ಮಡಿಕೆ ಹಾಕಿದರೆ ನಾಲ್ಕು ಸಲಕ್ಕೆ ಕೊಬ್ಬಿನ 81 ಪದರು ಆಗುತ್ತವೆ, ಆರು ಸಲಕ್ಕೆ 729. ಭಟ್ಟಿಯ ಕಾವಿಗೆ ಹಿಟ್ಟಿನೊಳಗಿನ ನೀರು ಆವಿಯಾಗಿ ಮೇಲೇಳಲು ನೋಡುತ್ತದೆ, ಕೊಬ್ಬು ಒಂದು ಹಾಳೆ ಇನ್ನೊಂದಕ್ಕೆ ಅಂಟದಂತೆ ತಡೆಯುತ್ತದೆ. ಹೀಗೆ ಪದರು ಬಿಡುತ್ತದೆ, ಸೋಡಾ ಬೇಕಿಲ್ಲ.

ಇನ್ನು ಕೊಬ್ಬಿನ ಮಾತು. ಬೆಣ್ಣೆ ಕರಗುವುದು ಹೆಚ್ಚುಕಡಿಮೆ 32ರಿಂದ 35 ಡಿಗ್ರಿ ಸೆಲ್ಸಿಯಸ್ಸಿಗೆ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವುದೂ ಉಂಟು. ಭಟ್ಟಿ ಉರಿಯುವ ಕೋಣೆಯಲ್ಲಿ ಬೆಣ್ಣೆ ಹಚ್ಚಿ ಮಡಿಚಲು ಹೋದರೆ ಅದು ಎಣ್ಣೆಯಾಗಿ ಹಿಟ್ಟಿನೊಳಗೆ ಇಂಗಿಬಿಡುತ್ತದೆ, ಪದರೇ ಉಳಿಯುವುದಿಲ್ಲ. ಅದಕ್ಕೇ ಸಣ್ಣ ಬೇಕರಿಗಳು ವನಸ್ಪತಿ ಅಥವಾ ಪಪ್ಸಿಗೆಂದೇ ಬರುವ ಮಾರ್ಗರಿನ್ ಬಳಸುತ್ತವೆ. ಅದನ್ನು ಮೋಸ ಎನ್ನಬಾರದು, ಈ ಬಿಸಿಲಿನಲ್ಲಿ ಅವರಿಗೆ ಅದೇ ದಾರಿ. ಆದರೆ ಗಟ್ಟಿ ಕೊಬ್ಬಿಗೆ ಒಂದು ದೋಷ ಇದೆ: ನಮ್ಮ ಬಾಯಿಯ ಕಾವು 37 ಡಿಗ್ರಿ, ಅಷ್ಟಕ್ಕೆ ಅದು ಪೂರ್ತಿ ಕರಗುವುದಿಲ್ಲ. ಖಾರಿ ತಿಂದು ಮುಗಿದ ಮೇಲೂ ಅಂಗುಳಿಗೆ ಮೇಣ ಮೆತ್ತಿದ ಹಾಗೆ ಅನ್ನಿಸುವುದು ಇದರಿಂದಲೇ. ಅಂಗುಳು ಎಷ್ಟು ಬೇಗ ಸ್ವಚ್ಛವಾಯಿತು ಎಂಬುದು ಒಳ್ಳೆಯ ಖಾರಿಯ ದೊಡ್ಡ ಗುರುತು. ಇಂಥ ಕೊಬ್ಬಿನಲ್ಲಿರುವ ಟ್ರಾನ್ಸ್ ಫ್ಯಾಟ್ ಎಂಬ ಹಾನಿಕರ ಅಂಶಕ್ಕೆ 2022ರ ಜನವರಿಯಿಂದ ದೇಶದಲ್ಲಿ ಶೇ 2ರ ಮಿತಿ ಇದೆ. ಮೊದಲು ಇದಕ್ಕಿಂತ ಬಹಳ ಹೆಚ್ಚಿಗೆ ಅವಕಾಶ ಇತ್ತು.

ಹೊತ್ತು ನೋಡಿ ಹೋಗಿ

ರುಚಿಯ ವಿಷಯದಲ್ಲಿ ಊರಿಗಿಂತ ಹೊತ್ತು ದೊಡ್ಡದು. ಬೆಳಿಗ್ಗೆ ಹತ್ತಕ್ಕೆ ಇಳಿದ ಪಪ್ಸನ್ನು ಒಂದೂರಲ್ಲಿ ಹತ್ತೂವರೆಗೆ ತಿಂದು, ಇನ್ನೊಂದೂರಲ್ಲಿ ಸಂಜೆ ಏಳಕ್ಕೆ ತಿಂದರೆ ನೀವು ಹೋಲಿಸಿದ್ದು ಗಡಿಯಾರವನ್ನೇ ಹೊರತು ಬೇಕರಿಗಳನ್ನಲ್ಲ. ಪಪ್ಸಿನ ಒಳಗಿನ ಪಲ್ಯದಲ್ಲಿ ನೀರಿನಂಶ ಇದೆ. ಅದು ನಿಧಾನವಾಗಿ ಗರಿ ಪದರಿಗೆ ಏರಿ ಮೆತ್ತಗೆ ಮಾಡುತ್ತದೆ, ನಾಲ್ಕೈದು ತಾಸಿನ ಮೇಲೆ ಯಾವ ಮಾಸ್ತರರ ಪಪ್ಸೂ ಗರಿಗರಿ ಇರುವುದಿಲ್ಲ. ಖಾರಿಗೆ ಈ ಕಾಟವಿಲ್ಲ. ಅದನ್ನು ಸಣ್ಣ ಕಾವಿನಲ್ಲಿ ಹೆಚ್ಚು ಹೊತ್ತು ಬೇಯಿಸಿ ನೀರನ್ನು ಪೂರ್ತಿ ಓಡಿಸಿರುತ್ತಾರೆ. ನಮ್ಮ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುವುದೂ ಇದೇ ಕಾರಣಕ್ಕೆ. ಟೋಸ್ಟನ್ನು ಎರಡು ಸಲ ಬೇಯಿಸುವುದೂ ಇದಕ್ಕೇ.

ಅಂಗಡಿಯಲ್ಲಿ ಕೇಳುವ ಪ್ರಶ್ನೆಯನ್ನು ಬದಲಿಸಿಕೊಳ್ಳಿ. "ಫ್ರೆಶ್ ಅದ ಏನ್ರಿ?" ಎಂದರೆ "ಹೌದ್ರಿ" ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. "ಅಣ್ಣಾ, ಮುಂದಿನ ಟ್ರೇ ಯಾವಾಗ ಇಳಸ್ತೀರಿ?" ಎಂದು ಕೇಳಿ. ಕೂಡಲೇ ಅವರ ಮುಖ ಬೇರೆಯಾಗುತ್ತದೆ. ಬೇಯಿಸುವುದು ಗೊತ್ತಿರುವ ಗಿರಾಕಿ ಬಂದರೆಂದು ತಿಳಿದು ನಿಜವಾದ ಹೊತ್ತು ಹೇಳುತ್ತಾರೆ. "ಇಲ್ಲಿ ಬೇಯಸೂದಿಲ್ರಿ ಅಕ್ಕಾರೆ, ಕಲಬುರಗಿಲಿಂದ ಬರ್ತದ" ಎಂದು ಉತ್ತರ ಬಂದರೆ ಅದೂ ಉಪಯೋಗದ ಮಾಹಿತಿಯೇ. ಅಲ್ಲಿ ಒಣ ಬಿಸ್ಕಿಟ್ಟು ಕೊಳ್ಳಿ, ಪಪ್ಸು ಬೇಡ.

ಮೂರು ಊರು, ಮೂರು ದಿನ

ಒಂದೇ ದಿನದಲ್ಲಿ ಮೂರೂ ಊರು ಮುಗಿಸುವ ಆಸೆ ಬೇಡ. ಕಲಬುರಗಿಯಿಂದ ಆಳಂದ ಸುಮಾರು 40 ಕಿಲೋಮೀಟರ್, ಜೇವರ್ಗಿಯೂ ಹೆಚ್ಚುಕಡಿಮೆ ಅಷ್ಟೇ, ಅಫಜಲಪುರ 60ರ ಹತ್ತಿರ. ಮೂರೂ ಬೇರೆ ಬೇರೆ ದಿಕ್ಕು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ, ಆದರೆ ಬಿಸಿಲಿನಲ್ಲಿ ಒಂದೇ ದಿನ ತಿರುಗಿದರೆ ಮೂರನೇ ಊರಿಗೆ ಬರುವಾಗ ನಾಲಗೆ ಸತ್ತಿರುತ್ತದೆ. ನಿಮ್ಮ ಬೇರೆ ಕೆಲಸದ ಜೊತೆ ಒಂದೊಂದು ಊರು ಇಟ್ಟುಕೊಳ್ಳಿ, ಹೋಗುವ ಹೊತ್ತು ಮಾತ್ರ ಮೂರೂ ಸಲ ಒಂದೇ ಇರಲಿ.

ಆಳಂದಕ್ಕೆ ಲಾಡ್ಲೆ ಮಶಾಕ ದರ್ಗಾಕ್ಕೆಂದು ದೂರದಿಂದ ಜನ ಬರುತ್ತಾರೆ. ಉರುಸಿನ ದಿನಗಳಲ್ಲಿ ಊರು ತುಂಬಿರುತ್ತದೆ, ರಂಜಾನ್ ತಿಂಗಳಲ್ಲಿ ಕೊಳ್ಳುವ ಹೊತ್ತು ಸಂಜೆಗೆ ಸರಿಯುತ್ತದೆ. ಅಫಜಲಪುರ ತಾಲ್ಲೂಕಿನಲ್ಲಿ ದೇವಲ ಗಾಣಗಾಪುರದ ದತ್ತ ಕ್ಷೇತ್ರ, ಘತ್ತರಗಿಯ ಭಾಗ್ಯವಂತಿ ದೇವಸ್ಥಾನ ಇವೆ. ಹುಣ್ಣಿಮೆ, ಅಮಾವಾಸ್ಯೆಗೆ ಬಸ್ಸುಗಳು ಕಿಕ್ಕಿರಿದು ಹೋಗುತ್ತವೆ. ಇಂಥ ದಿನಗಳಲ್ಲಿ ಮಾಲು ಬೇಗ ಖಾಲಿಯಾಗುವುದರಿಂದ ತಾಜಾ ಸಿಗುವ ಸಂಭವ ಹೆಚ್ಚು. ಆದರೆ ಅವಸರದಲ್ಲಿ ಟ್ರೇ ಬೇಗ ಇಳಿಸಿ ಹಸಿ ಉಳಿಯುವುದೂ ಉಂಟು. ಮೊದಲ ಸಲ ರುಚಿ ನೋಡಲು ಹೋಗುವವರು ಸಾಮಾನ್ಯ ದಿನವನ್ನೇ ಆರಿಸಿಕೊಳ್ಳಿ. ಜೇವರ್ಗಿ ಭೀಮೆಯ ಆಚೆ ದಡದ ಊರು, ವಿಜಯಪುರದ ದಾರಿ ಮತ್ತು ಶಹಾಪುರದ ದಾರಿ ಕೂಡುವ ಜಾಗ. ದೂರ ಹೋಗುವ ಗಾಡಿಗಳು ನಿಂತು ಹೋಗುವ ಇಂಥ ಊರಿನಲ್ಲಿ ಟೋಸ್ಟು, ಖಾರಿಯಂಥ ಒಣ ಪದಾರ್ಥದ ಗಿರಾಕಿ ಜಾಸ್ತಿ ಇರುತ್ತದೆ. ಅಲ್ಲಿ ಖಾರಿಯ ಜೊತೆ ಟೋಸ್ಟನ್ನೂ ನೋಡಿ.

ರುಚಿ ನೋಡುವ ಕ್ರಮ

1. ಹೊಟ್ಟೆ ಅರ್ಧ ತುಂಬಿರಲಿ. ಹಸಿದ ಹೊಟ್ಟೆಗೆ ಎಲ್ಲವೂ ರುಚಿ, ತುಂಬಿದ ಹೊಟ್ಟೆಗೆ ಯಾವುದೂ ಅಲ್ಲ. ಮಿರ್ಚಿ ಭಜಿ ತಿಂದು ಹೋಗಲೇಬೇಡಿ. ಖಾರ ನಾಲಗೆಯ ಮೇಲೆ ಉಳಿದಿರುವಾಗ ಉಪ್ಪು, ಜಿಡ್ಡಿನ ಸಣ್ಣ ಭೇದ ತಿಳಿಯುವುದಿಲ್ಲ.

2. ನೂರು ಗ್ರಾಂ ಕೊಳ್ಳಿ. ಪುಕ್ಕಟೆ ತುಂಡು ಕೇಳಬೇಡಿ. ಸಣ್ಣ ವ್ಯಾಪಾರ ಅದು, ಕೊಂಡವರಿಗೆ ಎರಡು ಪ್ರಶ್ನೆ ಕೇಳುವ ಹಕ್ಕು ತಾನಾಗಿ ಬರುತ್ತದೆ.

3. ಮೊದಲು ಕಣ್ಣು. ಖಾರಿಯ ಅಡ್ಡ ಮಗ್ಗುಲು ನೋಡಿ. ಪದರು ಪುಸ್ತಕದ ಹಾಳೆಯಂತೆ ಬಿಡಿಬಿಡಿಯಾಗಿ ಕಾಣಬೇಕು. ನಡುವೆ ಬಿಳಿ ಗಟ್ಟಿ ಗೆರೆ ಇದ್ದರೆ ಅಲ್ಲಿ ಹಿಟ್ಟು ಬೆಂದಿಲ್ಲ. ಬಣ್ಣ ಗೋಧಿ ರೊಟ್ಟಿಯ ಕಂದಿಗೆ ಹತ್ತಿರ ಇರಲಿ.

4. ಆಮೇಲೆ ಕಿವಿ. ಮುರಿಯಿರಿ. ಒಣ ಎಲೆ ತುಳಿದ ಹಾಗೆ ಸದ್ದು ಬರಬೇಕು. ಸದ್ದಿಲ್ಲದೆ ಬಾಗಿದರೆ ತೇವ ಹಿಡಿದಿದೆ, ಟಪ್ಪೆಂದು ಕಡ್ಡಿಯಂತೆ ಮುರಿದರೆ ಪದರು ಸರಿಯಾಗಿ ಬಿಟ್ಟಿಲ್ಲ.

5. ಮೂಸಿ. ಕಮಟು ವಾಸನೆ, ಹಳೇ ಎಣ್ಣೆ ಡಬ್ಬಿಯ ವಾಸನೆ ಬಂದರೆ ಅಲ್ಲಿಗೇ ಬಿಡಿ. ಕೊಬ್ಬು ಹಳಸಿದೆ ಎಂದರ್ಥ. ಖಾರಿ ಎಷ್ಟು ಗರಿಗರಿ ಇದ್ದರೂ ಈ ವಾಸನೆ ಸುಳ್ಳು ಹೇಳುವುದಿಲ್ಲ.

6. ಒಂದು ತುಂಡು ಬಾಯಲ್ಲಿಟ್ಟು ನಿಧಾನ ಅಗಿದು, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಎನ್ನುವುದರ ಹೆಚ್ಚು ಪಾಲು ವಾಸನೆಯೇ. ನೆಗಡಿ ಬಂದಾಗ ಸಾರು ಸಪ್ಪೆ ಅನ್ನಿಸುವುದನ್ನು ನೆನಪಿಸಿಕೊಳ್ಳಿ. ಬಾಯಿಂದ ಮೂಗಿಗೆ ಹೋಗುವ ಈ ಉಸಿರಿನಲ್ಲಿ ಜೀರಿಗೆ ಹುರಿದದ್ದೋ ಹಸಿಯೋ ಎಂಬುದೂ ತಿಳಿಯುತ್ತದೆ.

7. ನುಂಗಿ, ಅರ್ಧ ನಿಮಿಷ ಸುಮ್ಮನಿದ್ದು ನಾಲಗೆಯನ್ನು ಅಂಗುಳಿಗೆ ತಾಗಿಸಿ. ಜಿಡ್ಡು ಉಳಿದಿದೆಯೇ?

8. ಉಗುರುಬೆಚ್ಚನೆಯ ನೀರು ಒಂದು ಗುಟುಕು, ನಾಲ್ಕು ಕಾಳು ಮಂಡಕ್ಕಿ. ಬಾಯಿ ತೊಳೆದಂತಾಗುತ್ತದೆ. ಚಹಾ ಇಷ್ಟಾದ ಮೇಲೆಯೇ. ಎರಡನೇ ತುಂಡನ್ನು ಚಹಾದಲ್ಲಿ ಅದ್ದಿ ಎಣಿಸಿ: ಒಳ್ಳೆಯ ಖಾರಿ ಚಹಾ ಹೀರಿಯೂ ಕೆಲಹೊತ್ತು ಪದರು ಹಿಡಿದುಕೊಂಡಿರುತ್ತದೆ, ಕೆಟ್ಟದ್ದು ಕಪ್ಪಿನ ತಳಕ್ಕೆ ಬೀಳುತ್ತದೆ.

9. ಉಳಿದದ್ದನ್ನು ಮನೆಗೆ ತಂದು ಮರುದಿನ ಬೆಳಿಗ್ಗೆ ಮತ್ತೊಮ್ಮೆ ತಿನ್ನಿ. ಇದನ್ನು ಬಿಡಬೇಡಿ. ಬಿಸಿಯಿದ್ದಾಗ ಕೊಬ್ಬು ಕರಗಿ, ವಾಸನೆ ಮೇಲೆದ್ದು, ಸಾಧಾರಣ ಪದಾರ್ಥವೂ ಅಮೃತ ಅನ್ನಿಸುತ್ತದೆ. ತಣ್ಣಗಾದ ಮೇಲೂ ತಿನ್ನಬೇಕು ಅನ್ನಿಸಿದರೆ ಅದು ನಿಜವಾದ ಕೈಗುಣ.

ಜೊತೆಗೆ ಒಂದು ಸಣ್ಣ ನೋಟುಬುಕ್ಕು ಇರಲಿ. ಅಂಕ ಕೊಡುವ ಅಗತ್ಯವಿಲ್ಲ, ಪದ ಬರೆಯಿರಿ. "ಚಲೋ ಇತ್ತು" ಎಂದು ಬರೆದರೆ ವಾರದ ಮೇಲೆ ನಿಮಗೇ ಏನೂ ನೆನಪಾಗುವುದಿಲ್ಲ. ನಮ್ಮ ಮಾತಿನಲ್ಲಿ ಬಾಯಿಯ ಅನುಭವಕ್ಕೆ ಎಷ್ಟೊಂದು ಪದಗಳಿವೆ! ಗರಿಗರಿ ಬೇರೆ, ಕುರುಕುಲು ಬೇರೆ, ಖಡಕ್ ಬೇರೆ. ಪುಡಿಪುಡಿ ಆಗುವುದು ನಾನ್‌ಖಟಾಯಿಗೆ ಗುಣ, ಬ್ರೆಡ್ಡಿಗೆ ದೋಷ. ಸಪ್ಪೆ, ಒಗರು, ಕಮಟು, ಜಿಗುಟು, ಹಸಿಹಸಿ, ಕರಕಲು. ಇವುಗಳಲ್ಲಿ ಮೂರು ಪದ ಬರೆದಿಟ್ಟರೆ ಸಾಕು, ಆ ಬೇಕರಿ ಕಣ್ಣಿಗೆ ಕಟ್ಟುತ್ತದೆ.

ಎರಡನೇ ಸುತ್ತಿಗೆ

ಖಾರಿ ಮುಗಿದ ಮೇಲೆ ಬೇರೆಯದನ್ನು ಹಿಡಿಯಿರಿ. ಒಂದೊಂದಕ್ಕೂ ನೋಡುವ ಗುರುತು ಬೇರೆ.

ಬನ್ನು, ಪಾವು: ಬೆರಳಿನಿಂದ ಒತ್ತಿ ಬಿಟ್ಟರೆ ಮೇಲೇಳಬೇಕು. ಒಳಗೆ ತೂತುಗಳು ಸಣ್ಣಗೆ ಒಂದೇ ಸಮ ಇರಲಿ. ಬೇಸಿಗೆಯಲ್ಲಿ ಯೀಸ್ಟು ಬಹಳ ಬೇಗ ಹುಳಿ ಹಿಡಿಸುತ್ತದೆ. ಚಳಿಗಾಲದ ಲೆಕ್ಕದಲ್ಲೇ ಹಿಟ್ಟು ನೆನೆಯಲು ಬಿಟ್ಟರೆ ಸೆರೆಯಂಥ ವಾಸನೆ ಬರುತ್ತದೆ. ಮೇ ತಿಂಗಳಲ್ಲೂ ಆ ವಾಸನೆ ಇಲ್ಲದ ಬನ್ನು ಕೊಡುವ ಬೇಕರಿ ಸಿಕ್ಕರೆ ಆ ಮಾಸ್ತರರಿಗೆ ಹಿಟ್ಟಿನ ನಾಡಿ ಗೊತ್ತು.

ನಾನ್‌ಖಟಾಯಿ: ಮೇಲೆ ಬಿರುಕು ಬಿಟ್ಟಿರಬೇಕು, ಬಾಯಿಗೆ ಹಾಕಿದರೆ ಅಗಿಯುವ ಮುನ್ನ ಕರಗಬೇಕು. ಹಿಟ್ಟನ್ನು ತುಪ್ಪವೋ ಡಾಲ್ಡಾವೋ ಮೊದಲೇ ಸುತ್ತಿಕೊಂಡು, ಎಳೆ ಹಿಡಿಯಲು ಬಿಡದೆ ಇರುವುದರಿಂದ ಈ ಗುಣ ಬರುತ್ತದೆ. ಕೊನೆಯಲ್ಲಿ ಸಾಬೂನಿನ ಒಗರು ನಾಲಗೆಗೆ ಹತ್ತಿದರೆ ಸೋಡಾ ಜಾಸ್ತಿಯಾಗಿದೆ. ಹಳದಿ ಬಣ್ಣ ನೋಡಿ ತುಪ್ಪ ಎಂದು ತಿಳಿಯಬೇಡಿ, ಬಣ್ಣ ಹಾಕಿದರೂ ಹಳದಿಯೇ.

ಉಸ್ಮಾನಿಯಾ: ಸಿಹಿಯ ಬೆನ್ನಿಗೇ ಉಪ್ಪು ಬರಬೇಕು. ಬರೀ ಸಿಹಿಯಿದ್ದರೆ ಅದು ಆ ಹೆಸರಿನ ಬೇರೆ ಬಿಸ್ಕಿಟ್ಟು.

ಜೋಳದ ಬಿಸ್ಕಿಟ್ಟು: 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಇದರ ಹೆಸರು ಹೆಚ್ಚು ಕೇಳಿಬರುತ್ತಿದೆ. ಜೋಳ ಬೆಳೆಯುವ ನಮ್ಮ ಸೀಮೆಯ ಬೇಕರಿಗಳು ಇದನ್ನು ತಮ್ಮದಾಗಿ ಮಾಡಿಕೊಳ್ಳಬೇಕು ಎಂಬುದು ನನ್ನ ಆಸೆ. ಮೊದಲು ಹೇಳಿದ ಹಾಗೆ ಜೋಳಕ್ಕೆ ಎಳೆ ಇಲ್ಲ, ಬ್ರೆಡ್ಡಿಗೆ ಅದು ಒಗ್ಗುವುದಿಲ್ಲ, ಬಿಸ್ಕಿಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಜೋಳ ಸೇರಿಸಿದ ಮೈದಾ ಬಿಸ್ಕಿಟ್ಟು. ಬಿಡಿ ಮಾರುವಲ್ಲಿ ಕೇಳಿಯೇ ತಿಳಿಯಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸಿಹಿಯಿಂದ ಶುರು ಮಾಡುವುದು ಮೊದಲ ತಪ್ಪು. ಕ್ರೀಮ್ ಪೇಸ್ಟ್ರಿ ತಿಂದ ನಾಲಗೆಗೆ ಬನ್ನು ಸಪ್ಪೆ, ಬಿಸ್ಕಿಟ್ಟು ಕಹಿ. ಖಾರಿ, ಬನ್ನು, ಬಿಸ್ಕಿಟ್ಟು, ಕೊನೆಗೆ ಕೇಕು ಎಂಬ ಕ್ರಮ ಇಟ್ಟುಕೊಳ್ಳಿ.

ಬಿಸಿ ಪಪ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಸುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಒಳಗಿನ ಆವಿ ಹೊರಗೆ ಹೋಗಲಾರದೆ ನೀರಾಗಿ ಅದರ ಮೇಲೇ ಬೀಳುತ್ತದೆ. ಮನೆ ಮುಟ್ಟುವಾಗ ಮೆತ್ತಗಾದದ್ದಕ್ಕೆ ಬೇಕರಿಯವರನ್ನು ಬೈದು ಏನು ಫಲ? ಕಾಗದದ ಚೀಲ ಇಲ್ಲವೇ ಬಾಯಿ ತೆರೆದ ಡಬ್ಬಿ ಒಯ್ಯಿರಿ. ಹಳೇ ಪತ್ರಿಕೆಯಲ್ಲಿ ಕಟ್ಟಿಕೊಟ್ಟರೆ ಬೇಡ ಎನ್ನಿ. ಮುದ್ರಣದ ಶಾಯಿ ಜಿಡ್ಡಿಗೆ ಹತ್ತಿಕೊಳ್ಳುತ್ತದೆ, 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಅದನ್ನು ನಿಷೇಧಿಸಿವೆ.

ಬ್ರೆಡ್ಡು, ಬನ್ನನ್ನು ಫ್ರಿಜ್ಜಿನಲ್ಲಿಡುವುದು ಇನ್ನೊಂದು. ಬೆಂದಾಗ ಮೆತ್ತಗಾದ ಪಿಷ್ಟ ತಣ್ಣಗಾಗುತ್ತ ಮತ್ತೆ ಬಿಗಿಯುತ್ತದೆ, ಫ್ರಿಜ್ಜಿನ ಚಳಿಯಲ್ಲಿ ಇದು ಹೊರಗಿಗಿಂತ ಬೇಗ ಆಗುತ್ತದೆ. ಬೂಸ್ಟು ತಡೆಯುತ್ತದೆ ನಿಜ, ಆದರೆ ರುಚಿ ಹೋಗುತ್ತದೆ. ಒಂದೆರಡು ದಿನಕ್ಕೆ ಸಾಕಾಗುವಷ್ಟೇ ತಂದು ಹೊರಗೆ ಡಬ್ಬಿಯಲ್ಲಿಡಿ. ಗಟ್ಟಿಯಾದ ಬನ್ನನ್ನು ತವೆಯ ಮೇಲೆ ಮುಚ್ಚಳ ಹಾಕಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಕೂಡಲೇ ತಿನ್ನಬೇಕಷ್ಟೇ. ಮಳೆಗಾಲದಲ್ಲಿ ತೇವ ಹಿಡಿದ ಖಾರಿಗೂ ತವೆಯೇ ಮದ್ದು, ಆದರೆ ಮುಚ್ಚಳ ಬೇಡ, ಉರಿ ಸಣ್ಣದಿರಲಿ.

ಒಂದು ಸಲ ತಿಂದು ತೀರ್ಪು ಕೊಡುವುದೂ ತಪ್ಪೇ. ಕರೆಂಟು ಹೋಗಿ ಟ್ರೇ ಕೆಟ್ಟಿರಬಹುದು, ಮಾಸ್ತರರು ರಜೆ ಮೇಲೆ ಊರಿಗೆ ಹೋಗಿರಬಹುದು. ನಾನು ಒಂದು ಬೇಕರಿಯ ಬಾಗಿಲು ಇನ್ನು ತುಳಿಯುವುದಿಲ್ಲ ಎಂದು ಹೊರಟವಳು, ಆರು ತಿಂಗಳ ಮೇಲೆ ಮಳೆಯ ಕಾರಣಕ್ಕೆ ಅಲ್ಲೇ ನಿಲ್ಲಬೇಕಾಯಿತು. ಆ ದಿನ ತಿಂದ ಓಂಕಾಳಿನ ಖಾರಿ ನನ್ನ ನೋಟುಬುಕ್ಕಿನಲ್ಲಿ ಇವತ್ತಿಗೂ ಮೇಲಿನ ಸಾಲಿನಲ್ಲಿದೆ.

ಎಚ್ಚರಿಕೆ

ಕ್ರೀಮಿನ ವಿಷಯದಲ್ಲಿ ಧೈರ್ಯ ಬೇಡ. 5ರಿಂದ 60 ಡಿಗ್ರಿ ನಡುವಿನ ಕಾವಿನಲ್ಲಿ ರೋಗಾಣುಗಳು ಬೆಳೆಯುತ್ತವೆ, ಹೊರಗಿನ ಕಾವು 32 ದಾಟಿದ್ದರೆ ಫ್ರಿಜ್ಜಿನಿಂದ ತೆಗೆದ ಕ್ರೀಮ್ ಪದಾರ್ಥವನ್ನು ಒಂದು ತಾಸಿನೊಳಗೆ ತಿನ್ನಬೇಕು. ನಮ್ಮ ಕಡೆ ಬೇಸಿಗೆಯ ಹಗಲು 32 ದಾಟಿಯೇ ಇರುತ್ತದೆ. ಜೇವರ್ಗಿಯಲ್ಲಿ ಕೊಂಡ ಪೇಸ್ಟ್ರಿಯನ್ನು ಬಸ್ಸಿನಲ್ಲಿ ಕಲಬುರಗಿಗೆ ಒಯ್ಯುವುದು ಎಂದರೆ ಆ ಒಂದು ತಾಸು ದಾರಿಯಲ್ಲೇ ಮುಗಿದ ಹಾಗೆ. ಪೇಸ್ಟ್ರಿಯನ್ನು ಅಂಗಡಿಯಲ್ಲೇ ತಿನ್ನಿ. ಮಗುವಿನ ಹುಟ್ಟುಹಬ್ಬದ ಕೇಕು ಮನೆಯ ಹತ್ತಿರದ ಬೇಕರಿಯದೇ ಇರಲಿ. ಕಪಾಟಿನ ಗಾಜು ಮುಟ್ಟಿ ನೋಡಿ, ತಣ್ಣಗಿಲ್ಲದಿದ್ದರೆ ದೀಪ ಉರಿಯುತ್ತಿದ್ದರೂ ಒಳಗೆ ತಂಪು ಇಲ್ಲದಿರಬಹುದು.

ಬೇಸಿಗೆಯ ಬ್ರೆಡ್ಡಿಗೆ ಒಂದು ರೋಗ ಬರುತ್ತದೆ. ಬೂಸ್ಟು ಕಾಣಿಸುವುದಿಲ್ಲ, ಆದರೆ ಕಳಿತ ಹಣ್ಣಿನ ವಾಸನೆ ಬರುತ್ತದೆ, ಮುರಿದರೆ ಒಳಗೆ ಜೇಡರ ಬಲೆಯಂಥ ಅಂಟು ಎಳೆ. ಹಿಟ್ಟಿನ ಜೊತೆ ಬಂದ ಬ್ಯಾಕ್ಟೀರಿಯಾ ಭಟ್ಟಿಯ ಕಾವಿನಲ್ಲೂ ಸಾಯದೆ ಉಳಿದು ಬೆಳೆಯುವುದರಿಂದ ಹೀಗಾಗುತ್ತದೆ. ಸುಟ್ಟು ತಿಂದರೆ ಸರಿ ಹೋಗುತ್ತದೆ ಎಂದುಕೊಳ್ಳಬೇಡಿ, ಪೂರ್ತಿ ಎಸೆಯಿರಿ. ಬೂಸ್ಟು ಹಿಡಿದ ಬ್ರೆಡ್ಡಿನ ಮೂಲೆ ಕತ್ತರಿಸಿ ಉಳಿದದ್ದನ್ನು ತಿನ್ನುವುದೂ ಬೇಡ, ಕಣ್ಣಿಗೆ ಕಾಣದ ಎಳೆ ಒಳಗೆ ಹರಡಿರುತ್ತದೆ.

ಮೊಟ್ಟೆ ತಿನ್ನದವರು ಬಾಯಿಬಿಟ್ಟು ಕೇಳಿ. ಬೋರ್ಡಿನಲ್ಲಿ ಅಯ್ಯಂಗಾರ್ ಎಂದಿದ್ದ ಮಾತ್ರಕ್ಕೆ ಎಲ್ಲವೂ ಮೊಟ್ಟೆ ಇಲ್ಲದ್ದು ಎಂದು ಎಲ್ಲ ಕಡೆ ನಂಬುವಂತಿಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ. ಶೇಂಗಾ ಅಥವಾ ಗೋಡಂಬಿ ಒಗ್ಗದ ಮಕ್ಕಳಿದ್ದರೆ ಒಂದೇ ಟ್ರೇ, ಒಂದೇ ಚಾಕು ಎಲ್ಲಕ್ಕೂ ಬಳಸುತ್ತಾರೆ ಎಂಬುದು ನೆನಪಿರಲಿ. ಸಕ್ಕರೆ ಕಾಯಿಲೆಯವರಿಗೆ ಖಾರಿ, ಟೋಸ್ಟು ಸಿಹಿ ಇಲ್ಲದ್ದರಿಂದ ಇಲ್ಲವೇ ಕಡಿಮೆ ಇರುವುದರಿಂದ ಹಗುರ ಅನ್ನಿಸುತ್ತದೆ, ಆದರೆ ಅದೂ ಮೈದಾವೇ, ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಒಂದು ತುಂಡಿನಲ್ಲಿ ರುಚಿ ನೋಡಿ ನಿಲ್ಲಿಸಿ. ಬೇಕರಿಯ ಗೋಡೆಯ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಹಾಕಿರಬೇಕು, ಅದರ ಮೇಲೆ ಒಮ್ಮೆ ಕಣ್ಣಾಡಿಸಿ. ಬ್ರೆಡ್ಡು ಉಬ್ಬಲು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲೇ ನಿಷೇಧಿಸಲಾಗಿದೆ. ಪೊಟ್ಟಣದ ಪಟ್ಟಿಯಲ್ಲಿ ಈಗಲೂ ಆ ಹೆಸರು ಕಂಡರೆ ಅದನ್ನು ಕೊಳ್ಳಬೇಡಿ.

ಇನ್ನೊಂದು ಕೆಲಸ ಉಳಿಯಿತು. ಮೂರೂ ಊರು ಮುಗಿಸಿದ ಮೇಲೆ, ನಿಮಗೆ ಹಿಡಿಸಿದ ಬೇಕರಿಗೆ ಮತ್ತೆ ಹೋದಾಗ ಒಳಗಿರುವ ಮಾಸ್ತರರನ್ನು ಕರೆಸಿ ಹೇಳಿ: ಯಾವ ದಿನ, ಯಾವ ಪದಾರ್ಥ, ಏನು ಹಿಡಿಸಿತು. ಭಟ್ಟಿಯ ಮುಂದೆ ಬೆವರುವವರಿಗೆ ಕಪಾಟಿನ ಈಚೆ ನಡೆಯುವುದು ಗೊತ್ತಾಗುವುದೇ ಅಪರೂಪ. ನಾನು ಅಫಜಲಪುರದಲ್ಲಿ ಹೀಗೆ ಹೇಳಿದ ದಿನ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಒಬ್ಬರು ಬಂದು ನಿಂತರು. ಉಪ್ಪು ಒಂಚೂರು ಮುಂದಾಗಿತ್ತು ಎಂಬುದನ್ನೂ ಅವರ ಮುಂದೆ ಮುಚ್ಚಿಡಲಿಲ್ಲ. "ಹೌದ್ರಿ ಅಕ್ಕಾರೆ, ಅವತ್ತು ಹೊಸ ಹುಡುಗ ಕಲಸಿದ್ದ. ಬರೂ ಸೋಮವಾರ ನಾಲ್ಕಕ್ಕ ಬರ್ರಿ, ನಾನೇ ಲಟ್ಟಸ್ತೀನಿ" ಎಂದರು.